ನಡಾವಳಿ ಪುಸ್ತಕಕ್ಕೆ ಬಾರದ ಪ್ರಶ್ನೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಐದು ಮಕ್ಕಳನ್ನೂ ಓದಿಸಿದರು. ವರ್ಷಕ್ಕೊಮ್ಮೆ ಯಾರಾದರೂ ಇಲ್ಲಿ ನಿಂತು ಪ್ರಾಥಮಿಕ ಶಾಲೆಯ ಬಗ್ಗೆ ಮಾತಾಡಬೇಕು ಎಂಬುದಷ್ಟೇ ದತ್ತಿಯ ಷರತ್ತು. ಪಠ್ಯಪುಸ್ತಕದ ಬಗ್ಗೆ ಮಾತಾಡಿ ಎಂದು ಕೆಲವರು ಸೂಚಿಸಿದರು. ನಾನು ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವನು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಹೆಡ್‌ಮೇಷ್ಟ್ರಾಗಿ, ಆ ಕಾರಣದಿಂದಲೇ ಶಾಲೆಯ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದೆ. ಓದಲು ಬಾರದ ಒಬ್ಬ ತಾಯಿಯ ಹೆಸರಿನ ದತ್ತಿಯಲ್ಲಿ, ಓದಲು ಬಾರದ ತಾಯಂದಿರೂ ಸದಸ್ಯರಾಗಿ ಕೂರುವ ಆ ಸಮಿತಿಯ ಬಗ್ಗೆ ಮಾತಾಡುವುದೇ ಸರಿ ಎನ್ನಿಸಿತು.

ಒಂದು ಸಭೆಯಿಂದ ಆರಂಭಿಸುತ್ತೇನೆ. 2003ನೇ ಇಸವಿ ಇರಬೇಕು. ಮಧ್ಯಾಹ್ನ ಮೂರು ಗಂಟೆ, ನಲಿ-ಕಲಿ ಕೊಠಡಿಯಲ್ಲಿ ಸಭೆ. ಸದಸ್ಯರಲ್ಲಿ ಆರು ಜನ ಬಂದಿದ್ದರು. ವಿಷಯ ಪಟ್ಟಿಯಲ್ಲಿ ನಾಲ್ಕು ಸಂಗತಿ ಇದ್ದವು: ಕಾಂಪೌಂಡು, ನೀರಿನ ತೊಟ್ಟಿ, ಒಡೆದ ಹೆಂಚು, ಆಗಸ್ಟ್ ಹದಿನೈದರ ಸಿಹಿ. ನಾಲ್ಕೂ ಮುಗಿದವು. ನಾನು ಪುಸ್ತಕವನ್ನು ಸಹಿಗೆ ಮುಂದೆ ಚಾಚುತ್ತಿದ್ದಾಗ, ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ತಾಯಿ ಸೆರಗು ಸರಿಮಾಡಿಕೊಂಡು ಕೇಳಿದರು: "ಮೇಷ್ಟ್ರೇ, ನನ್ ಮಗ ಮೂರನೇ ಕ್ಲಾಸು. ಬಸ್ಸಿನ್ ಬೋರ್ಡ್ ಓದೋ ಅಂದ್ರೆ ಓದಾಕಿಲ್ಲ. ಯಾಕೆ?"

ನಾನು ಹೇಳಿದ್ದು ಇಷ್ಟು: "ಅದನ್ನ ಆಮೇಲೆ ಮಾತಾಡಾಣ ಕಣಮ್ಮ, ಇದು ಸಭೆ." ಅವರು ಸುಮ್ಮನಾದರು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಕಲಿತ ಸಹಿಯನ್ನು ಅಕ್ಷರ ಅಕ್ಷರವಾಗಿ ಹಾಕಿ ಎದ್ದು ಹೋದರು. ಆ ರಾತ್ರಿ ಮನೆಯಲ್ಲಿ ಕುಳಿತು ನಡಾವಳಿಯನ್ನು ಪೂರ್ತಿ ಮಾಡಿದೆ. ಕಾಂಪೌಂಡು ಬಂತು, ತೊಟ್ಟಿ ಬಂತು, ಹೆಂಚು ಬಂತು, ಸಿಹಿಯೂ ಬಂತು. ಆ ತಾಯಿಯ ಪ್ರಶ್ನೆ ಬರಲಿಲ್ಲ. ಮುಂದಿನ ಮೂರು ಸಭೆಗಳಿಗೆ ಅವರೂ ಬರಲಿಲ್ಲ.

ಇಂದು ನಾನು ಹೇಳಬೇಕಾದ ಮಾತೆಲ್ಲ ಆ ಬಿಟ್ಟುಹೋದ ಒಂದು ಸಾಲಿನಲ್ಲಿದೆ. ಆ ಪ್ರಶ್ನೆಯನ್ನು ಕೇಳಲಿ ಎಂದೇ ಸರ್ಕಾರ ಆ ಸಮಿತಿಯನ್ನು ಮಾಡಿತ್ತು. ಅದನ್ನು ಬರೆದುಕೊಳ್ಳಲೆಂದೇ ನನ್ನನ್ನು ಕಾರ್ಯದರ್ಶಿ ಮಾಡಿತ್ತು.

ಸಮಿತಿ ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯೋಣ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ಒಂದು ಶಿಕ್ಷಣ ಕಾರ್ಯಪಡೆಯನ್ನು ನೇಮಿಸಿತ್ತು. ಅದರ ಶಿಫಾರಸಿನ ಬೆನ್ನಿಗೆ 2001ರ ಏಪ್ರಿಲ್ 28ರಂದು ಒಂದು ಆದೇಶ ಹೊರಟಿತು. ಅದಕ್ಕೆ ಮೊದಲು ಗ್ರಾಮ ಶಿಕ್ಷಣ ಸಮಿತಿಗಳಿದ್ದವು, ಶಾಲಾ ಅಭಿವೃದ್ಧಿಯ ಹೆಸರಿನ ಬೇರೆ ಸಮಿತಿಗಳಿದ್ದವು. ಅವುಗಳಲ್ಲಿ ಊರ ಗಣ್ಯರು ಇರುತ್ತಿದ್ದರು, ಮಕ್ಕಳ ತಂದೆತಾಯಿಯರು ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. 2001ರ ಆದೇಶ ಇದನ್ನು ಬದಲಿಸಿತು. ಆಯಾ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರೆಲ್ಲ ಸೇರಿ ಒಂದು ಪರಿಷತ್ತು, ಆ ಪರಿಷತ್ತು ತನ್ನೊಳಗಿಂದಲೇ ಒಂಬತ್ತು ಜನರನ್ನು ಆರಿಸಬೇಕು, ಅವರಲ್ಲಿ ಹೆಂಗಸರೂ ಪರಿಶಿಷ್ಟರೂ ಇರಲೇಬೇಕು, ಅಧ್ಯಕ್ಷರು ಅವರೊಳಗಿನವರೇ ಆಗಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಉದ್ದನೆಯ ಹೆಸರು ಊರಿನ ಬಾಯಲ್ಲಿ ಎಸ್‌ಡಿಎಂಸಿ ಆಯಿತು. 2006ರಲ್ಲಿ ಉಪವಿಧಿಗಳು ಬಂದು ಸಮಿತಿಗೆ ಗ್ರಾಮ ಪಂಚಾಯಿತಿಯ ನಂಟು ಕಟ್ಟಿದವು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ನಾವು ಒಂಬತ್ತು ವರ್ಷ ಮೊದಲೇ ಮಾಡಿದ್ದನ್ನು ದೇಶಕ್ಕೆಲ್ಲ ಕಾನೂನು ಮಾಡಿದಂತಾಯಿತು. ಆ ಕಾಯ್ದೆಯ 21ನೇ ಕಲಮು ಹೇಳುವುದು ಇದು: ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಅವಕಾಶವಂಚಿತ ಸಮುದಾಯಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಜಾಗ ಇರಬೇಕು.

ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. ನಮ್ಮ ಊರುಗಳಲ್ಲಿ ಶಾಲೆಯನ್ನು ಊರೇ ಸಾಕಿದ್ದು ಹೊಸದಲ್ಲ. ಐಗಳ ಕೂಲಿಮಠಗಳಿದ್ದ ಕಾಲದಲ್ಲಿ ಊರವರು ಸುಗ್ಗಿಯಲ್ಲಿ ರಾಗಿ, ಜೋಳ ಅಳೆದು ಐಗಳ ಮನೆ ನಡೆಸುತ್ತಿದ್ದರು. ಆದರೆ ಆ ಜಗಲಿಯ ಮೇಲೆ ಯಾರ ಮಕ್ಕಳು ಕೂರಬಹುದು, ಯಾರ ಮಕ್ಕಳು ಕೂರಬಾರದು ಎಂಬುದನ್ನೂ ಅದೇ ಊರು ನಿಶ್ಚಯಿಸುತ್ತಿತ್ತು. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದೇ ಬೇರೆ ಶಾಲೆ ತೆರೆಯಬೇಕಾಯಿತು. ಇದ್ದ ಶಾಲೆಗಳ ಬಾಗಿಲು ಆ ಮಕ್ಕಳಿಗೆ ಮುಚ್ಚಿತ್ತು. ಮೈಸೂರು ಸಂಸ್ಥಾನ 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ತಂದಿತು. 1930ರ ಕಾನೂನಿನ ಮೇಲೆ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಕೈಗೆ ಒಪ್ಪಿಸಿ, 1941ರಲ್ಲಿ ಮತ್ತೆ ತನ್ನ ಕೈಗೇ ತೆಗೆದುಕೊಂಡಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ 1923ರ ಕಾಯ್ದೆಯ ಪ್ರಕಾರ ಸ್ಕೂಲ್ ಬೋರ್ಡುಗಳಿದ್ದವು. ಕರಾವಳಿಯಲ್ಲಿ ಇಂದಿಗೂ ಹಿರಿಯರು ಬೋರ್ಡು ಶಾಲೆ ಎನ್ನುತ್ತಾರೆ. ಆ ಬೋರ್ಡುಗಳಲ್ಲಿ ಕುಳಿತವರಲ್ಲಿ ಜಮೀನ್ದಾರರು, ವಕೀಲರು, ವ್ಯಾಪಾರಿಗಳೇ ಹೆಚ್ಚು. ಬಹುಮಟ್ಟಿಗೆ ಕಂದಾಯ ಕಟ್ಟುವ ಆಸ್ತಿಯುಳ್ಳವರಿಗೇ ಮತ ಇದ್ದ ಕಾಲ ಅದು. ಅವರಲ್ಲಿ ಬಹಳ ದೊಡ್ಡ ಮನಸ್ಸಿನವರಿದ್ದರು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಸ್ತಿ ನೋಡದೆ, ಓದು ನೋಡದೆ, ಜಾತಿ ನೋಡದೆ, "ನಿನ್ನ ಮಗು ಈ ಶಾಲೆಯಲ್ಲಿ ಕುಳಿತಿದೆ, ಅಷ್ಟು ಸಾಕು, ನೀನು ಇದರ ಆಡಳಿತದಲ್ಲಿ ಕೂರು" ಎಂದು ಕೂಲಿ ಮಾಡುವ ಹೆಂಗಸಿಗೆ ಕುರ್ಚಿ ಹಾಕಿಕೊಟ್ಟದ್ದು ಈ ನಾಡಿನ ಇತಿಹಾಸದಲ್ಲಿ 2001ರಲ್ಲಿ ಮೊದಲು. ಹಾಗೆಂದು ನಾನು ನಂಬಿದ್ದೇನೆ.

ಕುರ್ಚಿ ಹಾಕಿದೆವು. ಆದರೆ ಆಕೆ ಅಲ್ಲಿ ಕೂರಲು ಬೇಕಾದ ಅನುಕೂಲ ಮಾಡಲಿಲ್ಲ.

ಮೊದಲನೆಯದು ಹೊತ್ತು. ಸಭೆ ಇಡುತ್ತಿದ್ದದ್ದು ನಮಗೆ ಅನುಕೂಲವಾದ ಹೊತ್ತಿಗೆ, ಶಾಲೆಯ ವೇಳೆಯಲ್ಲಿ. ಮೂರು ಗಂಟೆಗೆ ಶಾಲೆಗೆ ಬರಬೇಕಾದರೆ ಕಳೆ ತೆಗೆಯಲು ಹೋದವಳು ಅರ್ಧ ದಿನದ ಕೂಲಿ ಬಿಡಬೇಕು. ಬಹಳ ಸಲ ಅರ್ಧ ದಿನಕ್ಕೆ ಯಾರೂ ಕರೆಯುವುದಿಲ್ಲವಾದ್ದರಿಂದ ಇಡೀ ದಿನದ್ದೇ ಹೋಗುತ್ತದೆ. ಹಾಗಾಗಿ ಸಭೆಗೆ ಬರುತ್ತಿದ್ದವರು ಅಂಗಡಿ ಇಟ್ಟವರು, ಸ್ವಂತ ಹೊಲ ಇದ್ದವರು, ಪಂಚಾಯಿತಿಯ ಸುತ್ತ ಓಡಾಡುವವರು. ಉಳಿದವರ ಮನೆಗೆ ಪುಸ್ತಕವನ್ನೇ ಕಳಿಸುತ್ತಿದ್ದೆವು. ಏಳನೇ ಕ್ಲಾಸಿನ ಹುಡುಗ ಕಂಕುಳಲ್ಲಿ ನಡಾವಳಿ ಪುಸ್ತಕ ಇಟ್ಟುಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದನ್ನು ನೋಡದ ಅಧ್ಯಾಪಕರು ಈ ಸಭಾಂಗಣದಲ್ಲಿ ಇದ್ದಾರೆಯೆ? ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ನಿರ್ಣಯಗಳು ಜನರಿಗೆ ಸಿಗುವಂತಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ಮಾದರಿ ನಿಯಮಗಳೇ ಹೇಳುತ್ತವೆ. ನಾವು ಸಭೆಯನ್ನು ಸಹಿಗೆ ಇಳಿಸಿದೆವು.

ಎರಡನೆಯದು ನಾಚಿಕೆ. ಇದನ್ನು ನಾಚಿಕೆ ಎನ್ನಲು ನನಗೇ ಮನಸ್ಸಾಗದು, ಏಕೆಂದರೆ ಅದೇ ಹೆಂಗಸರು ಬೇರೆ ಕಡೆ ಎಷ್ಟು ಗಟ್ಟಿಯಾಗಿ ಮಾತಾಡುತ್ತಾರೆ ಎಂಬುದನ್ನು ಕಂಡಿದ್ದೇನೆ. ನಮ್ಮೂರಿನ ಸ್ತ್ರೀಶಕ್ತಿ ಸಂಘ ವಾರಕ್ಕೊಮ್ಮೆ ದೇವಸ್ಥಾನದ ಕಟ್ಟೆಯ ಮೇಲೆ ಸೇರುತ್ತಿತ್ತು. ಹತ್ತು ರೂಪಾಯಿ ಉಳಿತಾಯ ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ, ಸಾಲ ಪಡೆದವಳು ಎಷ್ಟನೇ ಕಂತಿನಲ್ಲಿ ನಿಂತಿದ್ದಾಳೆ, ಎಲ್ಲವೂ ಬಾಯಲ್ಲೇ ಲೆಕ್ಕ. ಒಂದು ರೂಪಾಯಿ ತಪ್ಪಿದರೂ ಕೇಳಿಯೇ ಕೇಳುತ್ತಿದ್ದರು. ಅದೇ ಹೆಂಗಸು ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಗೋಡೆಗೆ ಆತು ಕೂರುತ್ತಿದ್ದಳು, ಕೇಳಿದ್ದಕ್ಕೆಲ್ಲ "ಆಗ್ಲಿ ಮೇಷ್ಟ್ರೇ" ಎನ್ನುತ್ತಿದ್ದಳು. ಹಾಗಾದರೆ ಅವಳಿಗೆ ಧೈರ್ಯ ಇರಲಿಲ್ಲ ಎನ್ನಲು ಬರುವುದಿಲ್ಲ. ಸಂಘ ತನ್ನದು ಎಂದು ಅವಳಿಗೆ ಗೊತ್ತಿತ್ತು, ಶಾಲೆ ಮೇಷ್ಟ್ರದ್ದು ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವಂತೆ ನಡೆದುಕೊಂಡವರು ನಾವು. ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ನಮ್ಮ ಸಭೆಯಲ್ಲಿ ನಾನು ಮೇಜಿನ ಹಿಂದೆ ಕೂರುತ್ತಿದ್ದೆ. ಸಂಘದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ, ನಮ್ಮಲ್ಲಿ ಅದು ಕಪಾಟಿನೊಳಗೆ ಇರುತ್ತಿತ್ತು. ಅರ್ಧದಷ್ಟು ಹೆಂಗಸರು ಎಂದು ಕಾನೂನು ಬಂದ ಮೇಲೂ ಎಷ್ಟೋ ಕಡೆ ಹೆಂಡತಿಯ ಬದಲು ಗಂಡ ಬಂದು ಕೂರುತ್ತಿದ್ದ. ಅವನಿಗೂ ಅದು ತಪ್ಪೆನಿಸಲಿಲ್ಲ, ನಮಗೂ ಎನಿಸಲಿಲ್ಲ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಸಮಿತಿಯನ್ನು ನಾವು ಚಂದಾ ಎತ್ತುವ ಸಮಿತಿ ಮಾಡಿದೆವು.

ಹೀಗಾದದ್ದರ ಕಾರಣ ಊಹಿಸುವುದು ಕಷ್ಟವಲ್ಲ. ಶಾಲೆಗೆ ಬರುವ ಅನುದಾನ ಎಷ್ಟು ಎಂದು ನೋಡಿ. ಸಮಗ್ರ ಶಿಕ್ಷಣದ ಲೆಕ್ಕದಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10 ಸಾವಿರ ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25 ಸಾವಿರ, 250ರವರೆಗೆ 50 ಸಾವಿರ. ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲ್, ಕೆಟ್ಟ ಬಲ್ಬು, ಸೋರುವ ನಲ್ಲಿ ಎಲ್ಲ ಇದರಲ್ಲೇ. ಹತ್ತು ಸಾವಿರದಲ್ಲಿ ಒಂದು ಶಾಲೆಯನ್ನು ವರ್ಷವಿಡೀ ಚೊಕ್ಕಟವಾಗಿ ಇಟ್ಟುಕೊಳ್ಳಲು ಸಾಧ್ಯವೇ ಎಂದು ಈ ಸಭೆಯಲ್ಲಿರುವ ಗೃಹಿಣಿಯರನ್ನು ಕೇಳುತ್ತೇನೆ. ಉಳಿದದ್ದಕ್ಕೆ ಊರಿನ ಮುಂದೆ ಕೈಯೊಡ್ಡಬೇಕು. ಹಾಗಾಗಿ ಸದಸ್ಯರನ್ನು ಆರಿಸುವಾಗಲೇ ನಮ್ಮ ಕಣ್ಣು ದುಡ್ಡು ತರಬಲ್ಲವರ ಮೇಲೆ ಹೋಗುತ್ತಿತ್ತು. ಅಧ್ಯಕ್ಷನಾದವನು ಸ್ವಂತ ಟ್ರ್ಯಾಕ್ಟರ್ ಇದ್ದವನಾದರೆ ಜಲ್ಲಿ ಬರುತ್ತದೆ, ಗುತ್ತಿಗೆದಾರನಾದರೆ ಸಿಮೆಂಟು ಬರುತ್ತದೆ. ಕಾಂಪೌಂಡು ಕಟ್ಟಿಸಿದ ಅಧ್ಯಕ್ಷನ ಹೆಸರು ಕಲ್ಲಿನ ಮೇಲೆ ಬಂತು. ಮೂರನೇ ಕ್ಲಾಸಿನ ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಕೇಳಿದ ಸದಸ್ಯೆಯ ಹೆಸರು ಎಲ್ಲೂ ಬರಲಿಲ್ಲ.

ಊರವರ ಕೊಡುಗೆಯನ್ನು ನಾನು ಹಗುರ ಮಾಡುತ್ತಿಲ್ಲ. ಮಂಗಳೂರಿನ ಬಳಿಯ ಹರೇಕಳದಲ್ಲಿ ಕಿತ್ತಳೆ ಬುಟ್ಟಿ ಹೊತ್ತು ಮಾರುತ್ತಿದ್ದ ಹಾಜಬ್ಬನವರನ್ನು ನೆನೆಸಿಕೊಳ್ಳಿ. ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಅವರ ಮಾತು ತನಗೆ ತಿಳಿಯಲಿಲ್ಲ ಎಂಬ ಸಂಕಟದಿಂದ, ನ್ಯೂಪಡ್ಪುವಿನಲ್ಲಿ ಒಂದು ಸರ್ಕಾರಿ ಶಾಲೆ ಆಗಲೇಬೇಕೆಂದು ಕಚೇರಿ ಕಚೇರಿ ಸುತ್ತಿ, ತಮ್ಮ ದುಡಿಮೆಯ ಕಾಸನ್ನು ಸೇರಿಸಿ ಅದನ್ನು ಎಬ್ಬಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ದಕ್ಷಿಣ ಕನ್ನಡದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪೋಷಕರು ಶಾಲೆಯ ಜಮೀನಿನಲ್ಲಿ ಅಡಿಕೆ ಸಸಿ ನೆಟ್ಟು, ಸರದಿಯ ಮೇಲೆ ಗೊಬ್ಬರ ಹಾಕಿ, ಫಸಲಿನ ಹಣವನ್ನು ಶಾಲೆಗೇ ಬಿಟ್ಟಿದ್ದಾರೆ. ಮಳೆಗಾಲದ ಮುಂಚೆ ಹೆಂಚು ಸರಿಮಾಡಲು ಶ್ರಮದಾನಕ್ಕೆ ಬರುವ ಊರುಗಳಿವೆ. ಇಂಥವರಿಂದಲೇ ಎಷ್ಟೋ ಶಾಲೆಗಳು ನಿಂತಿವೆ. ಆದರೂ ನನ್ನ ತೀರ್ಮಾನ ಬೇರೆ. ಕೊಠಡಿ ಕಟ್ಟುವುದು, ಶೌಚಾಲಯಕ್ಕೆ ನೀರು ತರುವುದು ಸರ್ಕಾರದ ಕರ್ತವ್ಯ. ಕೂಲಿ ಮಾಡುವ ತಾಯಿಯ ಮೇಲೆ ಆ ಭಾರ ಹೊರಿಸಿ, ಅವಳಿಗೆ ಮಾತ್ರ ಕೇಳಲು ಸಾಧ್ಯವಿರುವ ಪ್ರಶ್ನೆಯನ್ನು ಅವಳ ಬಾಯಿಂದ ಕಿತ್ತುಕೊಂಡದ್ದು ಅನ್ಯಾಯ.

ಮೇಲುಸ್ತುವಾರಿ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಪದ ಅಧ್ಯಾಪಕರನ್ನು ಮೊದಲ ದಿನವೇ ಬೆಚ್ಚಿಸಿತು. "ಹೆಬ್ಬೆಟ್ಟು ಒತ್ತುವವರು ನಮ್ಮ ಮೇಲೆ ಉಸ್ತುವಾರಿ ಮಾಡ್ತಾರಂತೆ" ಎಂದು ನಮ್ಮ ಶಿಕ್ಷಕರ ಸಂಘದ ಸಭೆಗಳಲ್ಲಿ ಆಡಿಕೊಂಡ ಮಾತು ನನ್ನ ಕಿವಿಯಲ್ಲಿದೆ, ಆಗ ನಾನೂ ಅದಕ್ಕೆ ತಲೆಯಾಡಿಸಿದ್ದೆ. ನಾವು ಹೆದರಿದ್ದಕ್ಕೆ ಕಾರಣವೂ ಇತ್ತು. ಕೆಲವು ಊರುಗಳಲ್ಲಿ ಸಮಿತಿ ಎಂದರೆ ಊರ ಪಾರ್ಟಿಗಳ ಜಗಳದ ಇನ್ನೊಂದು ಕಣವಾಯಿತು. ಪಂಚಾಯಿತಿ ಚುನಾವಣೆಯಲ್ಲಿ ಸೋತ ಗುಂಪು ಶಾಲೆಯಲ್ಲಿ ಗೆಲ್ಲಲು ನೋಡಿತು, ನಡುವೆ ಸಿಕ್ಕಿಕೊಂಡವರು ಹೆಡ್‌ಮೇಷ್ಟ್ರು. ಅಮೆರಿಕದ ಷಿಕಾಗೋ ನಗರದಲ್ಲಿ 1988ರ ಕಾನೂನಿನ ಮೇಲೆ ಪ್ರತಿ ಶಾಲೆಗೂ ಪೋಷಕರೇ ಹೆಚ್ಚಾಗಿರುವ ಮಂಡಳಿ ಬಂತು, ಮುಖ್ಯೋಪಾಧ್ಯಾಯರನ್ನು ಆರಿಸುವ ಅಧಿಕಾರವನ್ನೂ ಆ ಮಂಡಳಿಗೆ ಕೊಟ್ಟರು. ನಮ್ಮಲ್ಲೂ ಅಷ್ಟು ಅಧಿಕಾರ ಬೇಕು ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಜಾತಿಯೂ ಪಾರ್ಟಿಯೂ ಇಷ್ಟು ಬಿಗಿಯಾಗಿರುವ ನಮ್ಮ ಊರುಗಳಲ್ಲಿ ಮೇಷ್ಟ್ರ ನೇಮಕ ಸಮಿತಿಯ ಕೈಗೆ ಹೋದರೆ, ದಲಿತ ಮೇಷ್ಟ್ರು, ಹೊರಊರಿನ ಮೇಡಂ ಉಳಿಯುವುದು ಕಷ್ಟ. ಬಿಸಿಯೂಟವನ್ನು ದಲಿತ ಹೆಂಗಸು ಬೇಯಿಸಿದಳು ಎಂದು ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳು ನಮ್ಮ ರಾಜ್ಯದಲ್ಲೇ ಇದ್ದವು.

ಆ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ನಮ್ಮ ಶಾಲೆಯಲ್ಲಿ ಅಡುಗೆಗೆ ಬಂದವರಲ್ಲಿ ಒಬ್ಬರು ದಲಿತ ಕೇರಿಯವರು. ಮೊದಲ ವಾರ ಇಪ್ಪತ್ತು ಮಕ್ಕಳು ಮನೆಯಿಂದ ಡಬ್ಬಿ ತಂದರು. ನಾನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆಯುವುದೋ ಬೇಡವೋ ಎಂದು ತೂಗುತ್ತಿದ್ದೆ. ಆಗ ಸಮಿತಿಯ ಸದಸ್ಯೆಯೊಬ್ಬರು, ಮೇಲ್ಜಾತಿ ಎನಿಸಿಕೊಂಡ ಮನೆಯವರೇ, ಮಧ್ಯಾಹ್ನ ಬಂದು ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತರು. ಯಾರಿಗೂ ಏನೂ ಹೇಳಲಿಲ್ಲ, ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋದರು. ಮೂರು ದಿನ ಹಾಗೇ ಬಂದರು. ನಾಲ್ಕನೇ ದಿನ ಡಬ್ಬಿಗಳು ಆರಕ್ಕೆ ಇಳಿದಿದ್ದವು, ತಿಂಗಳು ಕಳೆಯುವುದರಲ್ಲಿ ಒಂದೂ ಇರಲಿಲ್ಲ. ಯಾವ ಸುತ್ತೋಲೆಗೂ ಸಾಧ್ಯವಾಗದ ಕೆಲಸ ಅದು. ಮಗುವಿನ ತಾಯಿ ಎಂಬ ಅಧಿಕಾರದಿಂದ ಮಾತ್ರ ಆಗುವ ಕೆಲಸ. ಮೇಲುಸ್ತುವಾರಿ ಎಂದರೆ ಏನು ಎಂದು ನನಗೆ ಕಲಿಸಿದವರು ಅವರು. ಅವರು ಕುಳಿತು ಉಂಡದ್ದನ್ನೂ ನಾನು ನಡಾವಳಿಯಲ್ಲಿ ಬರೆದಿಲ್ಲ.

2010ರಲ್ಲಿ ಹೊಸ ಕಾಯ್ದೆ ಬಂದ ಮೇಲೆ ತರಬೇತಿಗೆ ಹೋಗಿದ್ದೆ. ಅಲ್ಲಿ ಕಾಯ್ದೆಯ ಕಲಮುಗಳನ್ನು ಓದುವಾಗ ಏಳು ವರ್ಷ ಹಿಂದಿನ ಆ ಪ್ರಶ್ನೆ ನೆನಪಾಯಿತು. ಶಾಲೆಯ ಕೆಲಸವನ್ನು ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣದ ಬಳಕೆಯನ್ನು ನೋಡುವುದು ಸಮಿತಿಯ ಕೆಲಸ ಎಂದು ಅಲ್ಲಿ ಬರೆದಿತ್ತು. ಚಂದಾ ಎತ್ತಬೇಕೆಂದು ಎಲ್ಲೂ ಬರೆದಿರಲಿಲ್ಲ. ಊರಿಗೆ ಬಂದವನೇ ಎರಡು ಬದಲಾವಣೆ ಮಾಡಿದೆ. ಸಭೆಯನ್ನು ರಾತ್ರಿ ಏಳೂವರೆಗೆ ಇಟ್ಟೆ, ಊಟಕ್ಕೆ ಮುಂಚೆ, ದನ ಕಟ್ಟಿ ಹಾಲು ಕರೆದ ಮೇಲೆ. ಸಭೆಯ ಮೊದಲ ವಿಷಯವಾಗಿ, ಎರಡನೇ ಕ್ಲಾಸಿನಿಂದ ಹಿಡಿದು ಪ್ರತಿ ಕ್ಲಾಸಿನ ಒಂದೊಂದು ಮಗು ಎಲ್ಲರ ಮುಂದೆ ನಿಂತು ಒಂದು ಪುಟ ಓದಬೇಕು ಎಂದು ಮಾಡಿದೆ. ಪಠ್ಯಪುಸ್ತಕದ್ದಲ್ಲ, ಮಗು ಅದುವರೆಗೆ ನೋಡದ ಪುಸ್ತಕದ್ದು. ಯಾವ ಮಗು ಎಂದು ಚೀಟಿ ಎತ್ತುತ್ತಿದ್ದದ್ದು ಸದಸ್ಯರು.

ಮೊದಲ ರಾತ್ರಿಯನ್ನು ನಾನು ಮರೆಯುವುದಿಲ್ಲ. ಎರಡನೇ ಕ್ಲಾಸಿನ ಹುಡುಗಿ ಸರಸರನೆ ಓದಿದಳು. ಮೂರು, ನಾಲ್ಕನೇ ಕ್ಲಾಸಿನ ಮಕ್ಕಳು ತೊದಲಿದರೂ ದಾಟಿದರು. ಐದನೇ ಕ್ಲಾಸಿನ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಂತ, ಮೂರನೇ ಸಾಲಿನಲ್ಲಿ ಪೂರ್ತಿ ನಿಂತುಬಿಟ್ಟ. ಯಾರೂ ಮಾತಾಡಲಿಲ್ಲ. ಆ ಹುಡುಗನ ಅಜ್ಜಿ ಸಭೆಯಲ್ಲೇ ಇದ್ದರು. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದದ್ದರಿಂದ ಅಜ್ಜಿಯೇ ಪೋಷಕಿ, ಅಜ್ಜಿಯೇ ಸದಸ್ಯೆ. ಕ್ಲಾಸಿನ ಮೇಡಂ ತಲೆ ತಗ್ಗಿಸಿದರು. ಇನ್ನೇನು ಜಗಳ ಏಳುತ್ತದೆ ಎಂದು ನಾನು ಕಾದೆ. ಅಜ್ಜಿ ಕೇಳಿದ್ದು ಇಷ್ಟೇ: "ಮೇಡಮ್ಮೋರೆ, ಈ ವರ್ಸ ನೀವು ಕ್ಲಾಸಿಗೆ ಎಷ್ಟ್ ದಿನ ಬಂದೀರಿ?" ಮೇಡಂ ಅತ್ತುಬಿಟ್ಟರು. ಜೂನ್‌ನಿಂದ ಅವರನ್ನು ಒಂದಾದ ಮೇಲೊಂದು ಸಮೀಕ್ಷೆಗೆ, ಪಟ್ಟಿ ಪರಿಷ್ಕರಣೆಗೆ, ತಾಲ್ಲೂಕು ಕಚೇರಿಯ ಕೆಲಸಕ್ಕೆ ಹಾಕಿದ್ದರು. ಆ ಐದನೇ ಕ್ಲಾಸಿನ ಮಕ್ಕಳು ನಾಲ್ಕನೆಯವರ ಜೊತೆ ಒಂದೇ ಕೊಠಡಿಯಲ್ಲಿ ಕುಳಿತು ದಿನ ಕಳೆದಿದ್ದರು. ಇದು ನನಗೆ ಗೊತ್ತಿತ್ತು, ಇಲಾಖೆಗೆ ಗೊತ್ತಿತ್ತು, ಪೋಷಕರಿಗೆ ಗೊತ್ತಿರಲಿಲ್ಲ.

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧಿಸದ ಬೇರೆ ಕೆಲಸಕ್ಕೆ ಅಧ್ಯಾಪಕರನ್ನು ಹಾಕಬಾರದು ಎಂದು ಅದೇ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಅದನ್ನು ಆ ರಾತ್ರಿ ಗಟ್ಟಿಯಾಗಿ ಓದಿದೆ. ಮುಂದಿನ ವಾರ ಏಳು ಜನ ಸದಸ್ಯರು, ಅವರಲ್ಲಿ ಐದು ಜನ ಹೆಂಗಸರು, ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಿ, "ನಮ್ ಮಕ್ಳ ಮೇಡಂನ ನಮ್ಗೆ ಬಿಡಿ" ಎಂದು ಕೇಳಿ ಕೂತರು. ನಾನು ಹೋಗಿ ಹತ್ತು ಸಲ ಕೇಳಿದರೂ ಆಗದಿದ್ದದ್ದು ಅವರು ಒಂದು ಸಲ ಹೋದದ್ದಕ್ಕೆ ಆಯಿತು. ಸಮಿತಿ ತಮ್ಮ ಮೇಲೆ ಕಣ್ಣಿಡಲು ಬಂದದ್ದು ಎಂದುಕೊಂಡಿದ್ದ ನನ್ನ ಸಹೋದ್ಯೋಗಿಗಳು ಅಂದಿನಿಂದ ಬೇರೆ ರೀತಿ ಮಾತಾಡತೊಡಗಿದರು. ಪಾಠ ಮಾಡುವ ಮೇಷ್ಟ್ರಿಗೆ ಸಮಿತಿಗಿಂತ ದೊಡ್ಡ ಆಸರೆ ಇನ್ನೊಂದಿಲ್ಲ ಎಂದು ಅನುಭವದಿಂದಲೇ ಹೇಳುತ್ತೇನೆ.

ಶಾಲಾ ಅಭಿವೃದ್ಧಿ ಯೋಜನೆ ಎಂಬುದನ್ನೂ ನಾವು ಅದೇ ವರ್ಷ ಮೊದಲ ಸಲ ನಿಜವಾಗಿ ಬರೆದೆವು. ಅದಕ್ಕೆ ಮೊದಲು ಹಳೆಯ ವರ್ಷದ ಹಾಳೆಯನ್ನು ನೋಡಿಕೊಂಡು ಅಂಕಿ ಬದಲಿಸುವುದೇ ಯೋಜನೆಯಾಗಿತ್ತು. ನಾನಾಗಿದ್ದರೆ ಪ್ರೊಜೆಕ್ಟರ್ ಬೇಕು ಎಂದು ಬರೆಯುತ್ತಿದ್ದೆ. ಪೋಷಕರು ಬರೆಸಿದ್ದು ಬೇರೆ: ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ತೋಟದ ಮನೆಗಳಿಂದ ನಡೆದು ಬರುವ ಮಕ್ಕಳಿಗೆ ಹಳ್ಳ ದಾಟಲು ಒಂದು ಕಿರುಸೇತುವೆ, ಅಪ್ಪ ಅಮ್ಮ ಊರಲ್ಲಿಲ್ಲದ ಮಕ್ಕಳು ಸಂಜೆ ಎರಡು ಗಂಟೆ ಶಾಲೆಯಲ್ಲೇ ಕುಳಿತು ಓದಲು ದೀಪ. ಈ ಮೂರೂ ನನಗೆ ತೋಚಿರಲಿಲ್ಲ. ಹದಿಮೂರು ವರ್ಷದ ಹುಡುಗಿ ಚಿಲಕವಿಲ್ಲದ ಬಾಗಿಲಿನಿಂದಾಗಿ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ ಎಂಬುದು ಅವಳ ತಾಯಿಗೆ ಗೊತ್ತು, ಹೆಡ್‌ಮೇಷ್ಟ್ರಿಗೆ ಗೊತ್ತಾಗುವುದಿಲ್ಲ.

ಈಗ ಇನ್ನೊಂದು ನೋವಿನ ವಿಷಯ. ಊರಿನಲ್ಲಿ ಮಾತು ನಡೆಯುವ ಮನೆಗಳ ಮಕ್ಕಳು ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿ ಹೋಗಿಬಿಟ್ಟಿದ್ದಾರೆ. ಪೋಷಕರೇ ಸದಸ್ಯರಾಗಬೇಕು ಎಂಬ ನಿಯಮ ಒಳ್ಳೆಯದೇ, ನಾನು ಅದನ್ನು ಹೊಗಳಿಯೇ ಮಾತು ಆರಂಭಿಸಿದೆ. ಆದರೆ ಉಳ್ಳವರ ಮಕ್ಕಳು ಹೋದ ಮೇಲೆ ಸರ್ಕಾರಿ ಶಾಲೆಯ ಸಮಿತಿ ಎಂದರೆ ಊರಿನಲ್ಲಿ ಯಾರ ಮಾತಿಗೆ ಬೆಲೆ ಇಲ್ಲವೋ ಅವರ ಸಮಿತಿ ಎಂದಾಗಿದೆ. ಪಂಚಾಯಿತಿಯಲ್ಲಿ ಕುಳಿತವರ ಮಗು ಈ ಶಾಲೆಯಲ್ಲಿಲ್ಲ, ತಾಲ್ಲೂಕು ಕಚೇರಿಯವರ ಮಗು ಇಲ್ಲ, ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರ ಮಗುವೂ ಇಲ್ಲ. ರಾಜ್ಯದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ಅಷ್ಟೇ ಸಮಿತಿಗಳಿವೆ. ಅಷ್ಟು ಸಮಿತಿಗಳ ಸದಸ್ಯರೆಲ್ಲ ಒಂದಾಗಿ ಒಂದು ಮಾತು ಆಡಿದರೆ ವಿಧಾನಸೌಧ ಕೇಳದಿರುವುದು ಸಾಧ್ಯವಿಲ್ಲ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿದ್ದ ಡಾ. ನಿರಂಜನಾರಾಧ್ಯ ವಿ.ಪಿ. ಅವರು ಎಸ್‌ಡಿಎಂಸಿಗಳ ಸಮನ್ವಯ ವೇದಿಕೆಯ ಮೂಲಕ ಆ ಒಕ್ಕೊರಲಿಗಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಆ ಕೆಲಸ ಇನ್ನೂ ಬಹಳ ಉಳಿದಿದೆ.

ಇಲ್ಲಿ ಕನ್ನಡದ ಪ್ರಶ್ನೆಯೂ ಬರುತ್ತದೆ, ಅದನ್ನು ಬಿಟ್ಟು ಹೋದರೆ ನಾನು ಪ್ರಾಮಾಣಿಕನಾಗುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆ ಪೋಷಕರದ್ದು ಎಂದಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಿತು. ಹಲವು ಕಡೆ ಅದನ್ನು ಕೇಳಿ ಅರ್ಜಿ ಕೊಟ್ಟವರು ಎಸ್‌ಡಿಎಂಸಿಯವರೇ. ನಮ್ಮ ಸಾಹಿತಿ ಮಿತ್ರರು ಆ ಪೋಷಕರ ಮೇಲೆ ಸಿಟ್ಟಾದರು. ಒಂದರಿಂದ ಐದರವರೆಗೆ ಮಗು ತನ್ನ ಮಾತಿನಲ್ಲೇ ಕಲಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ, ಅದು ಬದಲಾಗಿಲ್ಲ. ಆದರೆ ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಊರಿನ ಬಡ ತಾಯಿಗೆ ಕನ್ನಡದ ಪಾಠ ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಅವಳು ಇಂಗ್ಲಿಷ್ ಬೇಕು ಎಂದದ್ದರ ಒಳಗೆ "ನನ್ ಮಗೀಗೆ ಯಾಕೆ ಓದಾಕೆ ಬರಾಕಿಲ್ಲ" ಎಂಬ ಹಳೆಯ ಪ್ರಶ್ನೆಯೇ ಇದೆ. ಕನ್ನಡದಲ್ಲಿ ಅದಕ್ಕೆ ಉತ್ತರ ಸಿಗದಿದ್ದಾಗ ಅವಳು ಇನ್ನೊಂದು ಬಾಗಿಲು ತಟ್ಟಿದಳು. ಐದನೇ ಕ್ಲಾಸಿನ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುವಂತೆ ಮಾಡಿದ್ದರೆ, ಕನ್ನಡ ಶಾಲೆಯನ್ನು ಉಳಿಸಿ ಎಂದು ಆ ತಾಯಂದಿರ ಮುಂದೆ ನಾವು ಬೇಡಬೇಕಾಗಿರಲಿಲ್ಲ.

2003ರ ಸಭೆಯಲ್ಲಿ ಆ ಪ್ರಶ್ನೆ ಕೇಳಿದ ತಾಯಿಯ ಮಗ ಏನಾದ ಎಂದು ನೀವು ಕೇಳಬಹುದು. ನಾವು ರಾತ್ರಿ ಸಭೆ ಮಾಡಿ ಮಕ್ಕಳಿಂದ ಓದಿಸಲು ಶುರುಮಾಡುವ ಹೊತ್ತಿಗೆ ಅವನು ಶಾಲೆ ದಾಟಿದ್ದ. ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಸೇರಿದ, ಆರು ತಿಂಗಳಿಗೆ ಬಿಟ್ಟ. ಈಗ ಬೆಂಗಳೂರಿನಲ್ಲಿ ಲಾರಿಗೆ ಲೋಡು ಹೊರುತ್ತಾನೆ. ಅವನ ತಾಯಿ ಸಂತೆಯಲ್ಲಿ ಸಿಕ್ಕರೆ ಈಗಲೂ "ಚೆನ್ನಾಗಿದೀರಾ ಮೇಷ್ಟ್ರೇ" ಎಂದು ನಿಂತು ಕೇಳುತ್ತಾರೆ.

ಈ ಸಭಾಂಗಣದಲ್ಲಿ ನಿವೃತ್ತರಾದ ಅಧ್ಯಾಪಕರು, ಬ್ಯಾಂಕಿನಲ್ಲಿ ದುಡಿದವರು, ವಕೀಲರು, ಪತ್ರಕರ್ತರು ಇದ್ದೀರಿ. ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿಲ್ಲ, ಹಾಗಾಗಿ ನೀವು ಸಮಿತಿಯ ಸದಸ್ಯರಾಗಲಾರಿರಿ, ಆಗಬೇಕಾಗಿಯೂ ಇಲ್ಲ. ಆದರೆ ನಿಮ್ಮೂರ ಶಾಲೆಯ ಸಭೆಗೆ ಹೋಗಿ ಹಿಂದೆ ಕೂರಬಹುದು. ಅನುದಾನದ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಬಹುದು, ಅರ್ಜಿ ಬರೆದುಕೊಡಬಹುದು, ಸದಸ್ಯರ ಜೊತೆ ಕಚೇರಿಗೆ ಹೋಗಬಹುದು. ಮುಖ್ಯ ಶಿಕ್ಷಕರಾಗಿರುವ ನನ್ನ ತಮ್ಮಂದಿರಲ್ಲಿ, ತಂಗಿಯರಲ್ಲಿ ಕೈಮುಗಿದು ಕೇಳುವುದು ಎರಡೇ. ಮುಂದಿನ ಸಭೆಯನ್ನು ಕೂಲಿಯಿಂದ ಬಂದವರಿಗೆ ಅನುಕೂಲವಾಗುವ ಹೊತ್ತಿಗೆ ಇಡಿ. ಬಾಗಿಲ ಹತ್ತಿರ ಕುಳಿತ ತಾಯಿ ಕೊನೆಯಲ್ಲಿ ಏನಾದರೂ ಕೇಳಿದರೆ, ಅದನ್ನು ಅವರದೇ ಮಾತಿನಲ್ಲಿ, ಅವರ ಹೆಸರು ಬರೆದು, ನಡಾವಳಿ ಪುಸ್ತಕದ ಮೊದಲ ವಿಷಯವಾಗಿ ದಾಖಲಿಸಿ.